ಸ್ಪ್ಯಾನಿಷ್ ಆನ್‌ಲೈನ್ ಕ್ಲಾಸು: ‘ಕೂತ್ಕೊ’ ಬಂದವರಿಗೆ ‘ಸೆಂತಾರ್ಸೆ’ ಯಾಕೆ ಕಷ್ಟ ಆಯಿತು?

ನಾನು ಗಂಗಾವತಿಯವನು. ಹಂಪಿ ಹತ್ತಿರದ ಸಾಣಾಪುರದಲ್ಲಿ ನಮ್ಮ ಭಾವನ ಗೆಸ್ಟ್‌ಹೌಸ್ ಇದೆ. ಸೀಸನ್‌ನಲ್ಲಿ ಸ್ಪೇನ್, ಅರ್ಜೆಂಟೀನಾ ಕಡೆಯವರೂ ಬರುತ್ತಾರೆ, ಅವರ ಜೊತೆ ನಾಲ್ಕು ಮಾತಾಡೋಣ ಅಂತ ಎಂಟು ವಾರದ ಆನ್‌ಲೈನ್ ಕ್ಲಾಸಿಗೆ 3,500 ರೂಪಾಯಿ ಕಟ್ಟಿದೆ. ಕ್ಲಾಸಿನ ಹೆಸರು ಬೇಡ ಬಿಡಿ. ಆರು ವಾರ ಚೆನ್ನಾಗೇ ಹೋಯಿತು. ಏಳನೇ ವಾರ ರಿಫ್ಲೆಕ್ಸಿವ್, ಅಂದರೆ ಕೊನೆಗೆ ‘ಸೆ’ ಅಂಟಿಕೊಂಡಿರುವ ಕ್ರಿಯಾಪದಗಳ ಕಂಡೀಷನಲ್ ಪಾಠ ಬಂತು ನೋಡಿ, ಅರ್ಧ ಜನ ಕ್ಯಾಮೆರಾ ಆಫ್ ಮಾಡಿಕೊಂಡು ಕೂತರು.

ಕಂಡೀಷನಲ್ ಅಂದರೆ ‘ಹಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಅನ್ನುವ ಮಾತು. ಅಷ್ಟನ್ನು ಮೇಷ್ಟ್ರು ಚೆನ್ನಾಗಿ ಹೇಳಿಕೊಟ್ಟರು. ಕ್ರಿಯಾಪದದ ಮೂಲರೂಪ ಹಾಗೇ ಇಟ್ಟು, ಬಾಲಕ್ಕೆ ಈಯಾ, ಈಯಾಸ್, ಈಯಾ, ಈಯಾಮೋಸ್, ಈಯಾಯ್ಸ್, ಈಯಾನ್ ಅಂಟಿಸಿದರೆ ಆಯಿತು. ಆರ್, ಎರ್, ಇರ್ ಅಂತ ಮುಗಿಯುವ ಮೂರೂ ಗುಂಪಿನ ಕ್ರಿಯಾಪದಗಳಿಗೆ ಇದೇ ಬಾಲ. ರಿಫ್ಲೆಕ್ಸಿವ್ ಆದರೆ ಕೊನೆಯ ‘ಸೆ’ ಕಿತ್ತು ಮುಂದೆ ತರಬೇಕು. ನಾನು, ನೀನು, ಅವನು, ನಾವು, ನೀವು, ಅವರು ಅನ್ನುವುದಕ್ಕೆ ತಕ್ಕ ಹಾಗೆ ಅದು ಕ್ರಮವಾಗಿ ಮೆ, ತೆ, ಸೆ, ನೋಸ್, ಓಸ್, ಸೆ ಆಗುತ್ತದೆ. ಸೆಂತಾರ್ಸೆ ಹೋಗಿ ಮೆ ಸೆಂತರೀಯಾ, ಅಂದರೆ ನಾನು ಕೂತುಕೊಳ್ಳುತ್ತಿದ್ದೆ.

ಆದರೆ ಆ ‘ಸೆ’ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಇಂಗ್ಲಿಷಿನ ‘ಮೈಸೆಲ್ಫ್’ ತಂದಿಟ್ಟರು. ಅಲ್ಲೇ ಎಲ್ಲ ಕೆಟ್ಟಿದ್ದು. ಕೂರುವುದಕ್ಕೆ ಎಲ್ಲಿಯ ಮೈಸೆಲ್ಫ್? ನಾವು ದಿನಾ ಕೂತ್ಕೊ, ಮಲ್ಕೊ, ಹಲ್ಲುಜ್ಜಿಕೊ, ಟೋಪಿ ಹಾಕ್ಕೊ, ಸಿಟ್ಟು ಮಾಡ್ಕೋಬೇಡ ಅಂತ ಹೇಳ್ತಾನೇ ಇರುತ್ತೇವೆ, ಆ ‘ಕೊಳ್ಳು’ ಬಹಳ ಕಡೆ ಅವರ ‘ಸೆ’ ಮಾಡುವ ಕೆಲಸವನ್ನೇ ಮಾಡುತ್ತದೆ, ಇದನ್ನು ಒಂದು ಮಾತು ಹೇಳಿದ್ದರೆ ನಮ್ಮ ಬ್ಯಾಚಿನ ಕನ್ನಡದವರೆಲ್ಲ ಹತ್ತು ನಿಮಿಷದಲ್ಲಿ ಹಿಡಿದುಬಿಡುತ್ತಿದ್ದೆವು. ನಮ್ಮದು ಹಿಂದೆ ಅಂಟುತ್ತದೆ, ಅವರದು ಮುಂದೆ ನಿಲ್ಲುತ್ತದೆ, ಅಷ್ಟೇ. ಮುಂದೆ ನಿಂತಿದ್ದರಿಂದ ಒಂದು ಲಾಭವೂ ಇದೆ. ‘ನಾನು’ ‘ಅವನು’ ಎರಡಕ್ಕೂ ಬಾಲ ಈಯಾನೇ ಅಲ್ವಾ, ಮೆ ಇದೆಯೋ ಸೆ ಇದೆಯೋ ನೋಡಿದರೆ ಯಾರು ಕೂತಿದ್ದು ಅಂತ ಗೊತ್ತಾಗುತ್ತದೆ.

ಹೋಮ್‌ವರ್ಕ್ ಆ್ಯಪ್ ಬಗ್ಗೆ ನನಗೆ ಜಾಸ್ತಿ ಸಿಟ್ಟು. ‘ಮೆ ದೊರ್ಮಿರೀಯಾ’ ಬರೆಯುವ ಕಡೆ ನಾನು ‘ಮೆ ದೊರ್ಮೀಯಾ’ ಅಂತ ಬರೆದೆ, ಕೆಂಪು ಗುರುತು ಬಿತ್ತು, ಯಾಕೆ ಅಂತ ಒಂದು ಸಾಲೂ ಇಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು. ಮೊದಲನೆಯದು ‘ಸುಸ್ತಾಗಿದ್ದರೆ ನಿದ್ದೆ ಹೋಗುತ್ತಿದ್ದೆ’, ಎರಡನೆಯದು ‘ಚಿಕ್ಕವನಿದ್ದಾಗ ಬೇಗ ನಿದ್ದೆ ಹೋಗುತ್ತಿದ್ದೆ’. ಕನ್ನಡದಲ್ಲಿ ಎರಡಕ್ಕೂ ‘ಹೋಗುತ್ತಿದ್ದೆ’ ಒಂದೇ. ಇಲ್ಲಿ ಮಾತ್ರ ನಮ್ಮ ಕನ್ನಡವೇ ನಮಗೆ ಗುಂಡಿ ತೋಡುತ್ತದೆ, ಹುಷಾರು.

ಮೂಲರೂಪವೇ ಬದಲಾಗುವ ಕ್ರಿಯಾಪದಗಳು ಹತ್ತು ಹನ್ನೆರಡು ಇವೆ, ಸುಮ್ನೆ ಬಾಯಿಪಾಠ ಮಾಡಬೇಕು. ಪೊನೆರ್ಸೆ (ಹಾಕ್ಕೊಳ್ಳೋದು) ಅದರಲ್ಲಿ ಒಂದು. ಅದನ್ನು ಕಲಿತ ವಾರವೇ ಬಿಸಿಲಿಗೆ ಬರಿತಲೆಯಲ್ಲಿ ಹೊರಟಿದ್ದ ಮ್ಯಾಡ್ರಿಡ್‌ನ ಹುಡುಗನಿಗೆ ‘ಯೋ ಕೆ ತು, ಮೆ ಪೊಂದ್ರೀಯಾ ಉನ್ ಸೊಂಬ್ರೇರೊ’ ಅಂದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಟೋಪಿ ಹಾಕಿಕೊಳ್ಳುತ್ತಿದ್ದೆ ಅಂತ. ಅವನು ನಕ್ಕು ಒಳಗೆ ಹೋಗಿ ಟೋಪಿ ತಂದ. ಆದರೆ ಅರ್ಜೆಂಟೀನಾದ ಜೋಡಿಗೆ ‘ಓಸ್’ ಹಾಕಿ ಮಾತಾಡಿದ್ದಕ್ಕೆ ಅವರು ಬಿದ್ದು ಬಿದ್ದು ನಕ್ಕರು. ಆ ರೂಪ ಹೆಚ್ಚಾಗಿ ಸ್ಪೇನಿನದು, ತಮ್ಮ ಕಡೆ ‘ನೀವು’ ಅನ್ನುವುದಕ್ಕೂ ‘ಸೆ’ ಅಂತೆ. ಇದನ್ನು ಮೇಷ್ಟ್ರು ಹೇಳಬಾರದಿತ್ತಾ?

ಐದಕ್ಕೆ ಮೂರು ಕೊಡುತ್ತೇನೆ. ಮೇಷ್ಟ್ರ ಉಚ್ಚಾರ, ತಾಳ್ಮೆ ಎರಡೂ ಚೆನ್ನಾಗಿವೆ. ಸೇರುವವರು ಒಂದು ಮಾತ್ರ ಮೊದಲೇ ಕೇಳಿಕೊಳ್ಳಿ, ಕ್ಲಾಸಿನ ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ ಅಂತ. ನಮ್ಮ ಕಡೆ ಕರೆಂಟ್ ಹೋಗಿ ನನಗೆ ಎರಡು ಕ್ಲಾಸು ತಪ್ಪಿತು, ನೋಡೋಣ ಅಂತ ಹೋಗುವಷ್ಟರಲ್ಲಿ ತೆಗೆದುಬಿಟ್ಟಿದ್ದರು.