ವೇಲ್: ಒಂದು ವರ್ಷ ಬಳಸಿದ ಮೇಲೆ

ಎಂಜಿನಿಯರುಗಳು ಇಂಗ್ಲಿಷಿನಲ್ಲಿ ಬರೆಯುವ ಕೈಪಿಡಿಗಳನ್ನೂ ವಿನ್ಯಾಸ ಟಿಪ್ಪಣಿಗಳನ್ನೂ ತಿದ್ದುವುದು ನನ್ನ ಕೆಲಸ. ಅದಕ್ಕೆ ಒಂದು ವರ್ಷದಿಂದ ವೇಲ್ ಎಂಬ ಉಚಿತ, ಮುಕ್ತ ಆಕರ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶವನ್ನು ಬಳಸುತ್ತಿದ್ದೇನೆ. ಬರಹ ಶೈಲಿಯ ನಿಯಮಗಳನ್ನು ಪಾಲಿಸಿದೆಯೇ ಎಂದು ಅದು ಪರೀಕ್ಷಿಸುತ್ತದೆ. ನಮ್ಮದೇ ಕಂಪ್ಯೂಟರಿನಲ್ಲಿ, ಕಮಾಂಡ್ ಲೈನ್ ಮೂಲಕ, ಅಂದರೆ ಆದೇಶಗಳನ್ನು ಟೈಪ್ ಮಾಡಿದರೆ ನಡೆಯುತ್ತದೆ. ಮಾರ್ಕ್‌ಡೌನ್ (ಶೀರ್ಷಿಕೆ, ಪಟ್ಟಿಗಳನ್ನು ಸರಳ ಗುರುತುಗಳಿಂದ ಸೂಚಿಸುವ ಬರಹದ ರೂಪ) ಕಡತದಲ್ಲಿರುವ ಕೋಡ್ ಭಾಗವನ್ನು ಬಿಟ್ಟು ಬರಹವನ್ನಷ್ಟೇ ನೋಡುತ್ತದೆ.

ಗೂಗಲ್, ಮೈಕ್ರೋಸಾಫ್ಟ್ ಶೈಲಿ ಕೈಪಿಡಿಗಳನ್ನು ಅನುಸರಿಸುವ ನಿಯಮಗಳು ಸಿದ್ಧವಾಗಿ ಸಿಗುತ್ತವೆ. ಆದರೆ ನನ್ನ ಮನಸ್ಸು ಗೆದ್ದದ್ದು ಬೇರೆ: ಯಾಮೆಲ್ ಎಂಬ ಸರಳ ಪಠ್ಯ ರೂಪದ ಕಡತದಲ್ಲಿ ನಮ್ಮದೇ ನಿಯಮ ಬರೆಯಬಹುದು, ತಪ್ಪು ಕಂಡಾಗ ಏನು ಹೇಳಬೇಕೆಂಬುದನ್ನೂ ನಾವೇ ತೀರ್ಮಾನಿಸಬಹುದು. ‘ಸಿಂಪ್ಲಿ’ (ಸುಲಭವಾಗಿ) ಎಂಬ ಇಂಗ್ಲಿಷ್ ಪದ ಸಿಕ್ಕರೆ ನನ್ನ ನಿಯಮ ‘ತಪ್ಪು’ ಎನ್ನುವುದಿಲ್ಲ. ‘ಈ ಹಂತದಲ್ಲೇ ಸಿಕ್ಕಿಬಿದ್ದ ಓದುಗನಿಗೆ ಈ ಪದ ಚುಚ್ಚುತ್ತದೆ, ತೆಗೆದರೆ ಅರ್ಥ ಕೆಡುವುದಿಲ್ಲ’ ಎನ್ನುತ್ತದೆ. ಕಾರಣ ತಿಳಿದ ಎಂಜಿನಿಯರ್ ತಾನಾಗಿಯೇ ತಿದ್ದಿಕೊಳ್ಳುತ್ತಾನೆ. ಸಲಹೆ, ಎಚ್ಚರಿಕೆ, ದೋಷ ಎಂದು ಮೂರು ಮಟ್ಟಗಳಿವೆ. ಮೊದಲ ತಿಂಗಳು ಎಲ್ಲವನ್ನೂ ಸಲಹೆಯ ಮಟ್ಟದಲ್ಲೇ ಇಡಿ. ಮೊದಲ ದಿನವೇ ಪರದೆ ತುಂಬ ದೋಷಗಳು ಸುರಿದರೆ ಮತ್ತೆ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ.

ಆದರೆ ಅದು ಪದಗಳ ಜಾಡು ಹಿಡಿಯುತ್ತದೆಯೇ ಹೊರತು ಅರ್ಥವನ್ನಲ್ಲ. ಒಂದು ವಿನ್ಯಾಸ ಟಿಪ್ಪಣಿ ಒಂದೇ ಒಂದು ಸೂಚನೆಯಿಲ್ಲದೆ ದಾಟಿ ಬಂತು. ಓದಿದರೆ, ತಂಡ ಕೈಗೊಂಡ ತೀರ್ಮಾನ ಮೂರನೇ ಪುಟದಲ್ಲಿತ್ತು. ಅದಕ್ಕೂ ಮುಂಚೆ ಬರೀ ಹಿನ್ನೆಲೆ. ‘ಈ ವಾಕ್ಯ ಸಿಗುವವರೆಗೆ ನಾನು ಯಾಕೆ ಓದುತ್ತಿದ್ದೇನೆಂದು ತಿಳಿಯಲಿಲ್ಲ’ ಎಂದು ಅಂಚಿನಲ್ಲಿ ನಾನೇ ಬರೆಯಬೇಕಾಯಿತು.

ಇನ್ನೊಂದು ಕೈಪಿಡಿಯಲ್ಲಿ ‘ಬಳಿಕ ಸರ್ವರ್ ಅನ್ನು ಮರುಚಾಲನೆ ಮಾಡಲಾಗುತ್ತದೆ’ ಎಂಬ ಅರ್ಥದ ವಾಕ್ಯವಿತ್ತು. ವೇಲ್ ಅದನ್ನು ಕರ್ಮಣಿ ಪ್ರಯೋಗವೆಂದು ಗುರುತಿಸಿತು. ಬರೆದವನು ವ್ಯಾಕರಣದ ತಕರಾರೆಂದು ಬದಿಗೆ ಸರಿಸಿದ. ‘ಮರುಚಾಲನೆ ಮಾಡುವವರು ಯಾರು?’ ಎಂದು ನಾನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೋಡ್ ತೆರೆದು ನೋಡಿದ. ಹೊಸದಾಗಿ ಸ್ಥಾಪಿಸುವಾಗ ಸ್ಕ್ರಿಪ್ಟೇ ಮಾಡುತ್ತದೆ. ಆವೃತ್ತಿ ನವೀಕರಿಸುವಾಗ ಓದುಗನೇ ಮಾಡಬೇಕು. ಒಂದು ವಾಕ್ಯ ಎರಡಾಯಿತು.

ಆ ನಿಯಮದ ಸೂಚನೆಯನ್ನು ಅಂದೇ ಬದಲಿಸಿದೆ. ಈಗ ವೇಲ್ ‘ಕರ್ಮಣಿ ಪ್ರಯೋಗ’ ಎನ್ನುವುದಿಲ್ಲ. ‘ಮಾಡುವವರು ಯಾರು, ಓದುಗನೋ ತಂತ್ರಾಂಶವೋ?’ ಎಂದು ಕೇಳುತ್ತದೆ.