ಚೈನ್‌ಸಾ ಇಟ್ಟುಕೊಂಡವರೇ, ಗ್ರೈಂಡರ್ ಸಾಣೆಗೆ ಚೈನ್ ಕೊಡುವ ಮುಂಚೆ ಇದನ್ನು ಓದಿ

ಮಳೆ ಹಿಡಿಯುವುದರೊಳಗೆ ಮರಗಸಿ (ನೆರಳಿನ ಮರಗಳ ರೆಂಬೆ ಕಡಿಯುವ ಕೆಲಸ) ಮುಗಿಸಬೇಕೆಂದು ಎಲ್ಲರ ತೋಟದಲ್ಲೂ ಚೈನ್‌ಸಾ ಸದ್ದು ಶುರುವಾಗಿದೆ. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರರು ಕೆಲಸದ ಗಡಿಬಿಡಿಯಲ್ಲೂ ಇದಕ್ಕೊಂದಿಷ್ಟು ಹೊತ್ತು ಕೊಡಿ. ಆ್ಯಂಗಲ್ ಗ್ರೈಂಡರ್ (ಕಬ್ಬಿಣ ಕತ್ತರಿಸುವ, ಉಜ್ಜುವ ಕೈಮೆಷಿನ್) ಹಿಡಿದುಕೊಂಡು ಮನೆ ಬಾಗಿಲಿಗೆ ಬಂದು ‘ಐದು ನಿಮಿಷದಲ್ಲಿ ಚೈನ್ ಚೂಪು ಮಾಡಿ ಕೊಡ್ತೀನಿ’ ಎನ್ನುವವರ ಕೈಗೆ ಚೈನ್ ಕೊಡಬೇಡಿ. ನಮ್ಮಲ್ಲಿ ಹಾಗೆ ಕೊಟ್ಟು ಭಾವನ ಹೆಗಲಿಗೆ ಹೊಲಿಗೆ ಬಿದ್ದಿದೆ, ಚೈನುಗಳೆಲ್ಲ ಗುಜರಿಗೆ ಹೋಗಿವೆ. ಮೊಂಡು ಚೈನ್ ಆದರೆ ಹಿಡಿದ ಕೈಗೇ ಗೊತ್ತಾಗುತ್ತದೆ. ತಪ್ಪಾಗಿ ಚೂಪು ಮಾಡಿದ ಚೈನ್ ಗೊತ್ತೇ ಆಗುವುದಿಲ್ಲ, ಮೊದಲ ಅರ್ಧ ದಿನ ಅದು ಹೊಸ ಚೈನಿಗಿಂತ ಚೆನ್ನಾಗಿ ಕೊಯ್ಯುತ್ತದೆ.

ನಮ್ಮದು 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ), .325 ಪಿಚ್‌ನ ಚೈನ್. ಪಿಚ್ ಅಂದರೆ ಚೈನಿನ ಕೊಂಡಿಗಳ ಅಳತೆ, ಇಂಚಿನಲ್ಲಿ. ಬಾರಿನ ಸಂದಿಯಲ್ಲಿ ಓಡುವ ಕೊಂಡಿಗಳು, ಅಂದರೆ ಡ್ರೈವ್ ಲಿಂಕ್, 72. ಎರಡಕ್ಕೊಂದರಂತೆ ಎಡಕ್ಕೆ 18, ಬಲಕ್ಕೆ 18, ಒಟ್ಟು 36 ಹಲ್ಲು. ತೋಟದಲ್ಲಿ ಚೈನ್ ನೋಡಿಕೊಳ್ಳುವವರು ಒಬ್ಬ ಹಿರಿಯರು. ಸಂಜೆ ಕೆಲಸ ಬಿಟ್ಟಮೇಲೆ ಲೈನ್ ಮನೆ ಜಗಲಿಯಲ್ಲಿ ಕೂತು, ಬೀಡಿ ಹಚ್ಚಿಕೊಂಡು, ಒಂದೊಂದೇ ಹಲ್ಲಿಗೆ ಅರ ಹಾಕುವುದು ಅವರ ಪದ್ಧತಿ. ಅವರು ಮಗಳ ಮನೆಗೆ ಹೋಗಿದ್ದ ವಾರದಲ್ಲೇ ಬೈಕಿನಲ್ಲಿ ಒಬ್ಬ ಬಂದ. ಹಿಂದಿನ ಸೀಟಿಗೆ ಒಂದು ಪೆಟ್ಟಿಗೆ ಕಟ್ಟಿಕೊಂಡಿದ್ದ. ಮಾತು ಚೆನ್ನಾಗಿತ್ತು. “ಗೌಡ್ರೇ, ಅರ ಹಿಡ್ಕೊಂಡು ಕೂತ್ರೆ ಮಧ್ಯಾಹ್ನ ಆಗ್ತದೆ. ಕರೆಂಟ್ ಇದ್ಯಲ್ಲ, ಎಲ್ಲಾ ಚೈನ್ ಒಂದೇ ಸಲ ಮಾಡಿ ಕೊಡ್ತೀನಿ” ಅಂದ. ಮನೆಯಲ್ಲಿದ್ದ ಮೊಂಡು ಚೈನುಗಳೆಲ್ಲ ಹೊರಗೆ ಬಂದವು.

ಕಾಫಿ ಒಣಗಿಸುವ ಕಣದಲ್ಲೇ ಕೂತ. 4 ಇಂಚಿನ ಗ್ರೈಂಡರ್, ಅದಕ್ಕೆ ಕಬ್ಬಿಣ ಕತ್ತರಿಸುವ ತೆಳು ಡಿಸ್ಕ್. ಡಿಸ್ಕಿಗೆ ಇರಬೇಕಾದ ಗಾರ್ಡ್ ಇರಲಿಲ್ಲ. ‘ಅಡ್ಡ ಬರ್ತದೆ’ ಅಂತ ಬಿಚ್ಚಿ ಎಸೆದಿದ್ದನಂತೆ. ಕಣ್ಣಿಗೆ ಕನ್ನಡಕವೂ ಇಲ್ಲ. ಆ ಗಾತ್ರದ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ತೆಳು ಡಿಸ್ಕ್ ಇರುವುದು ನೇರವಾಗಿ ಇಳಿಸಿ ಕತ್ತರಿಸುವುದಕ್ಕೆ, ಅಡ್ಡ ಒತ್ತಿ ಉಜ್ಜುವುದಕ್ಕಲ್ಲ. ಅಡ್ಡ ಒತ್ತಿದರೆ ಸಿಡಿಯುತ್ತದೆ, ಸಿಡಿದ ಚೂರು ಎಲ್ಲಿಗೆ ಹೋಗುತ್ತದೆಂದು ಹೇಳುವುದಕ್ಕಾಗುವುದಿಲ್ಲ. ಅವತ್ತು ಸಿಡಿಯಲಿಲ್ಲ, ಅದು ಅವನ ಅದೃಷ್ಟ. ಕಿಡಿ ಮಾತ್ರ ಕಣದ ತುಂಬ ಹಾರುತ್ತಿತ್ತು. ಪಕ್ಕದಲ್ಲೇ ಇದ್ದ ಪೆಟ್ರೋಲ್ ಕ್ಯಾನ್ ನೋಡಿ ನಮ್ಮ ಹುಡುಗನೊಬ್ಬ ಓಡಿಬಂದು ಅದನ್ನು ಎತ್ತಿಕೊಂಡು ಹೋದ.

ಒಂದೊಂದು ಹಲ್ಲಿಗೂ ಡಿಸ್ಕ್ ತಾಗಿಸಿ ಒತ್ತಿ ಹಿಡಿಯುತ್ತಿದ್ದ. ಹಲ್ಲಿನ ತುದಿ ಒಂದು ಕ್ಷಣ ಕೆಂಪಾಗಿ, ಆಮೇಲೆ ನೀಲಿ ತಿರುಗುತ್ತಿತ್ತು. ಕೇಳಿದ್ದಕ್ಕೆ, “ಅದು ಹದ ಬಂದಿದ್ದು ಗೌಡ್ರೇ” ಅಂದ. ಹೋಗುವ ಮುಂಚೆ ಇನ್ನೊಂದು ಉಪಕಾರವನ್ನೂ ಮಾಡಿದ. ಪ್ರತಿ ಹಲ್ಲಿನ ಮುಂದೆ ಸಣ್ಣ ದಿಣ್ಣೆಯ ಹಾಗೆ ಎದ್ದಿರುವ ಭಾಗ ಇರುತ್ತದಲ್ಲ, ರೇಕರ್ ಅಂತಾರೆ, ಅದರ ಮೇಲೂ ಡಿಸ್ಕ್ ಆಡಿಸಿದ. “ಇದನ್ನ ತೆಗೆದ್ರೆ ಇನ್ನೂ ಜೋರಾಗಿ ಎಳೀತದೆ.”

ಎಳೆಯಿತು, ಸುಳ್ಳು ಹೇಳಬಾರದು. ಮಾರನೆಯ ದಿನ ಸಿಲ್ವರ್ ಓಕ್ ರೆಂಬೆಗಳ ಮೇಲೆ ಮೆಷಿನ್ ಇಟ್ಟರೆ ದಪ್ಪ ದಪ್ಪ ಚಕ್ಕೆ ಹಾರುತ್ತಿತ್ತು. ಮೆಷಿನ್ ಕೈಯಲ್ಲಿ ಸ್ವಲ್ಪ ಜಾಸ್ತಿಯೇ ನಡುಗುತ್ತಿದೆ, ಆಗಾಗ ಮರಕ್ಕೆ ಕಚ್ಚಿಕೊಂಡು ಎಳೆಯುತ್ತಿದೆ ಎಂದು ಭಾವ ಹೇಳಿದ್ದು ನಿಜ. ಆದರೆ ಕೊಯ್ಯುವ ವೇಗ ನೋಡಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಊಟದ ಹೊತ್ತಿಗೆ, ಭಾವ ಕೆಳಗೆ ಬಿದ್ದ ರೆಂಬೆ ತುಂಡು ಮಾಡುತ್ತಿದ್ದಾಗ, ಸೊಪ್ಪಿನ ಅಡಿ ಇದ್ದ ಇನ್ನೊಂದು ಕೊಂಬೆಗೆ ಬಾರಿನ ಮೂತಿ ತಾಗಿತು. ಮೆಷಿನ್ ಒದ್ದ ರಭಸಕ್ಕೆ ಬಾರ್ ಮೇಲಕ್ಕೆದ್ದು ಅವರ ಮುಖದ ಕಡೆಗೇ ಬಂತು. ಮುಂದಿನ ಹ್ಯಾಂಡ್ ಗಾರ್ಡ್ ಎಡ ಮಣಿಕಟ್ಟಿಗೆ ಬಡಿದು ಚೈನ್ ನಿಲ್ಲಿಸುವ ಬ್ರೇಕ್ ಬಿತ್ತು. ಅಷ್ಟರಲ್ಲಿ ಹೆಗಲು ಸೀಳಿತ್ತು. ದಪ್ಪ ಜಾಕೆಟ್ ಹಾಕಿದ್ದರು, ಬ್ರೇಕ್ ಕೆಲಸ ಮಾಡುವ ಸ್ಥಿತಿಯಲ್ಲಿತ್ತು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ನಾನು ಇವತ್ತು ಬರೆಯುತ್ತಿದ್ದದ್ದು ಬೇರೆಯೇ. ಮೂಡಿಗೆರೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆವು.

ಮೂತಿ ತಾಗಿದರೆ ಯಾವ ಚೈನ್‌ಸಾ ಆದರೂ ಒದೆಯುತ್ತದೆ, ಅದಕ್ಕೂ ಸಾಣೆಗೂ ಏನು ಸಂಬಂಧ ಎಂದು ಕೆಲವರು ಕೇಳಿದರು. ನಿಜ, ಬಾರಿನ ಮೂತಿಯ ಮೇಲಿನ ಕಾಲುಭಾಗ ಯಾವತ್ತಿದ್ದರೂ ಅಪಾಯದ ಜಾಗವೇ. ಆದರೆ ಎಷ್ಟು ಜೋರಾಗಿ ಒದೆಯುತ್ತದೆ ಎನ್ನುವುದು ರೇಕರ್ ಮೇಲೂ ನಿಂತಿದೆ. ಬಡಗಿಯ ಹತ್ತರಿಯಲ್ಲಿ ಉಳಿ ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ದಪ್ಪದ ಸಿಪ್ಪೆ ಏಳುವುದಲ್ಲವೇ? ಇಲ್ಲಿಯೂ ಲೆಕ್ಕ ಅದೇ. ರೇಕರ್ ಮರದ ಮೇಲೆ ಜಾರಿಕೊಂಡು ಹೋಗುತ್ತದೆ, ಅದಕ್ಕಿಂತ ಹಲ್ಲು ಎಷ್ಟು ಎತ್ತರವಿದೆಯೋ ಅಷ್ಟನ್ನೇ ಕಚ್ಚುತ್ತದೆ. ನಮ್ಮಂಥ ಚೈನಿಗೆ ಆ ಅಂತರ ಇರಬೇಕಾದ್ದು ಸುಮಾರು 0.65 ಮಿಲಿಮೀಟರ್. ಮಿಲಿಮೀಟರ್ ಕೂಡ ಅಲ್ಲ ನೋಡಿ. ಅಷ್ಟು ಸಣ್ಣ ಅಳತೆಯ ಕೆಲಸಕ್ಕೆ ಅವನು ಕಣ್ಣಂದಾಜಿನಲ್ಲಿ ಗ್ರೈಂಡರ್ ಆಡಿಸಿದ್ದ. ರೇಕರ್ ತಗ್ಗಿದಷ್ಟೂ ಹಲ್ಲು ಆಳಕ್ಕೆ ಕಚ್ಚುತ್ತದೆ. ಫುಲ್ ಥ್ರಾಟಲ್‌ನಲ್ಲಿ ಸೆಕೆಂಡಿಗೆ 20 ಮೀಟರ್ ಓಡುವ ಚೈನ್ ಆಳಕ್ಕೆ ಕಚ್ಚಿ ಬಿಡಿಸಿಕೊಳ್ಳಲಾಗದಿದ್ದರೆ ಆ ಶಕ್ತಿಯೆಲ್ಲ ಬಾರನ್ನು ಹಿಂದಕ್ಕೆ ಎಸೆಯುತ್ತದೆ. ಬೆಳಿಗ್ಗೆ ನಾವು ಖುಷಿಪಟ್ಟ ದಪ್ಪ ಚಕ್ಕೆ ಅದರ ಸೂಚನೆಯಾಗಿತ್ತು.

ಹಿರಿಯರು ಊರಿಂದ ಬಂದು ಚೈನ್ ಕೈಗೆ ತೆಗೆದುಕೊಂಡು ನೋಡಿದರು. ಮೊದಲು ಏನೂ ಮಾತಾಡಲಿಲ್ಲ. ಅರ ತಂದು ಒಂದು ಹಲ್ಲಿನ ಮೇಲೆ ಎಳೆದರು, ಹಿಡಿಯದೆ ಜಾರಿತು. ಇನ್ನೊಂದಕ್ಕೆ ಹಾಕಿದರು, ಅದು ಸವೆಯಿತು, ಆದರೆ ಮೆತ್ತಗೆ. “ಸುಟ್ಟು ಹಾಕಿದಾನೆ ಗೌಡ್ರೇ, ಇನ್ನು ಇದಕ್ಕೆ ಅರ ಹತ್ತಲ್ಲ” ಎಂದು ಪಕ್ಕಕ್ಕಿಟ್ಟರು.

ನೀಲಿಯೆಂದರೆ ಹದ ಬಂದದ್ದಲ್ಲ, ಹದ ಹೋದದ್ದು. ಚೈನಿನ ಹಲ್ಲು ಕಾರ್ಖಾನೆಯಿಂದ ಹದ ಮಾಡಿಯೇ ಬಂದಿರುತ್ತದೆ, ಮೇಲೆ ತೆಳುವಾಗಿ ಕ್ರೋಮ್ ಲೇಪನ ಇರುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿದೆ ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಿದೆ ಎಂದು ಅರ್ಥ. ಅಲ್ಲಿ ಅಂಚು ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಒಂದು ಕ್ಷಣ ಕೆಂಪಾಗಿ ತಕ್ಷಣ ತಣಿದ ಜಾಗವಂತೂ ಉಲ್ಟಾ, ಅರವೂ ಹಿಡಿಯದಷ್ಟು ಗಟ್ಟಿಯಾಗಿ, ಚೂರು ಹಾರುವ ಹಾಗೆ ಆಗುತ್ತದೆ. ಒಂದೇ ಹಲ್ಲಿನಲ್ಲಿ ಎರಡೂ ಇರಬಹುದು. ಸುಟ್ಟದ್ದು ತುದಿಯಲ್ಲಿ ಮಾತ್ರ ಆಗಿದ್ದರೆ ಅಷ್ಟನ್ನು ನಿಧಾನವಾಗಿ ತೆಗೆದು ಹಲ್ಲು ಉಳಿಸಿಕೊಳ್ಳಬಹುದಿತ್ತು. ನಮ್ಮದರಲ್ಲಿ ಅಷ್ಟು ಹಲ್ಲೇ ಉಳಿದಿರಲಿಲ್ಲ. ಮೇಲ್ಭಾಗ ಸುಮಾರು 4 ಮಿಲಿಮೀಟರಿಗೆ ಬಂದರೆ ಚೈನಿನ ಆಯುಷ್ಯ ಮುಗಿಯಿತು. ಅರದಲ್ಲಾದರೆ ಒಂದು ಸೀಸನ್ ಪೂರ್ತಿ ತಿಕ್ಕಿದರೂ ಸವೆಯದಷ್ಟನ್ನು ಅವನು ಒಂದು ಬೆಳಿಗ್ಗೆಯಲ್ಲಿ ತಿಂದಿದ್ದ. ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಎಡ ಬಲದ ಹಲ್ಲು ಸಮ ಇಲ್ಲದಿದ್ದರೆ ಕೊಯ್ತ ಬಾಗಿಕೊಂಡು ಹೋಗುತ್ತದೆ, ಬಾರಿನ ಹಳಿಯೂ ಒಂದು ಬದಿ ಸವೆಯುತ್ತದೆ.

ಈ ಎಡ-ಬಲ ಹಲ್ಲಿನ ಕಥೆ ನಮ್ಮ ಕಡೆಯವರಿಗೆ ರುಚಿಸಬಹುದು. ಈಗಿನ ಚೈನಿನ ರೂಪ ಹೊಳೆದದ್ದು ಅಮೆರಿಕದ ಓರೆಗಾನ್‌ನಲ್ಲಿ ಮರ ಕೊಯ್ಯುತ್ತಿದ್ದ ಜೋ ಕಾಕ್ಸ್ ಎಂಬವರಿಗೆ, 1946ರಲ್ಲಿ, ಮರದ ಬೊಡ್ಡೆ ಕೊರೆಯುತ್ತಿದ್ದ ಹುಳುವೊಂದನ್ನು ನೋಡಿ. ಅದು ತನ್ನ ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ ಮರದೊಳಗೆ ಹೋಗುತ್ತಿತ್ತು. ಮುಂದಿನ ವರ್ಷವೇ ಅವರು ಚೈನ್ ಮಾಡಿ ಮಾರಲು ಶುರುಮಾಡಿದರು. ನಮ್ಮ ಅರೇಬಿಕಾ ಗಿಡಗಳನ್ನು ಒಣಗಿಸಿ ಹಾಕುವ ಬಿಳಿ ಕಾಂಡಕೊರಕವೂ (ಬೋರರ್) ಅದೇ ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ಬೋರರ್‌ಗೆ ಬೈಯುವಾಗ ಇಷ್ಟು ನೆನಪಿರಲಿ!

ಈಗ ಅರದ ವಿಷಯ. ಭಯಪಡುವಂಥದ್ದು ಏನಿಲ್ಲ, ಕಲಿಯುವುದಕ್ಕೆ ಒಂದೆರಡು ಸಂಜೆ ಸಾಕು. ಮೊದಲು ಚೈನಿಗೆ ಸರಿಯಾದ ಗಾತ್ರದ ದುಂಡು ಅರ ತನ್ನಿ. .325 ಪಿಚ್‌ಗೆ 4.8 ಮಿಲಿಮೀಟರ್, ಸಣ್ಣ ಮೆಷಿನ್ನುಗಳ 3/8 ಲೋ ಪ್ರೊಫೈಲ್‌ಗೆ (ಎತ್ತರ ಕಡಿಮೆ ಇರುವ ಚೈನ್) 4 ಮಿಲಿಮೀಟರ್, ದೊಡ್ಡ 3/8ಕ್ಕೆ 5.2 ಅಥವಾ 5.5. ಚೈನ್ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಪ್ಯಾಕೆಟ್ ಎಸೆದಿದ್ದರೆ ಸಾಲಾಗಿ ಮೂರು ರಿವೆಟ್ ನಡುವಿನ ದೂರ ಅಳೆದು ಎರಡರಿಂದ ಭಾಗಿಸಿ, ಅದೇ ಪಿಚ್. ‘ಒಂದು ಸೈಜ್ ಹೆಚ್ಚುಕಮ್ಮಿ ಆದ್ರೆ ಏನಾಗಲ್ಲ’ ಎಂದು ಅಂಗಡಿಯವರು ಹೇಳಿದರೆ ಕೇಳಬೇಡಿ, ಹಲ್ಲಿನ ಒಳಬಾಗು ಕೆಟ್ಟುಹೋಗುತ್ತದೆ.

ಬಾರನ್ನು ವೈಸ್‌ಗೆ ಕಚ್ಚಿಸಿ, ತೋಟದಲ್ಲಾದರೆ ಮರದ ಬೊಡ್ಡೆಗೆ ಒಂದು ಸೀಳು ಕೊಯ್ದು ಅದರಲ್ಲಿ ಕೂರಿಸಿ. ಕೈಗೆ ಗ್ಲೌಸ್ ಇರಲಿ, ಚೈನ್ ಅಲ್ಲಾಡದಿರಲಿ. ಅತಿ ಸಣ್ಣದಾದ ಹಲ್ಲು ಯಾವುದೆಂದು ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ. ಅರ ಹೋಗಬೇಕಾದ್ದು ಹಲ್ಲಿನ ಒಳಬದಿಯಿಂದ ಹೊರಕ್ಕೆ, ಹೆಚ್ಚಿನ ಚೈನುಗಳಲ್ಲಿ 30 ಡಿಗ್ರಿ ಓರೆಯಾಗಿ. ಹಲ್ಲಿನ ಮೇಲೇ ಗೆರೆ ಇದ್ದರೆ ಅದನ್ನು ಹಿಡಿದು ಹೋಗಿ. ಅರದ ದಪ್ಪದಲ್ಲಿ ಐದನೇ ಒಂದು ಪಾಲು ಹಲ್ಲಿನ ಮೇಲ್ಮೈಗಿಂತ ಮೇಲೆ ಕಾಣುತ್ತಿರಬೇಕು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಅರ ಎತ್ತಿಬಿಡಿ. ಇದೊಂದನ್ನೇ ಹುಡುಗರಿಗೆ ಕಲಿಸುವುದು ಕಷ್ಟ, ಗರಗಸ ಎಳೆದ ಹಾಗೆ ಹಿಂದೆ ಮುಂದೆ ಎಳೆದು ಹೊಸ ಅರವನ್ನೇ ಬೋಳು ಮಾಡುತ್ತಾರೆ. ಒಂದು ಬದಿಯದ್ದೆಲ್ಲ ಮುಗಿಸಿ, ತಿರುಗಿ ಕೂತು ಇನ್ನೊಂದು ಬದಿ. ಎಲ್ಲಕ್ಕೂ ಒಂದೇ ಲೆಕ್ಕದ ಎಳೆತ. ಚೈನ್ ಪೂರ್ತಿ ಮೊಂಡಾಗುವವರೆಗೆ ಕಾಯಬೇಡಿ. ಚಕ್ಕೆ ಬರುವುದು ನಿಂತು ಮರದ ಪುಡಿ ಬರಲು ಶುರುವಾಯಿತೇ, ಆಗಲೇ ಎರಡು ಎಳೆತ ಹಾಕಿದರೆ ಸಾಕು.

ರೇಕರ್ ಪ್ರತಿ ಸಲ ಮುಟ್ಟುವುದು ಬೇಡ. ಹಲ್ಲು ಹಿಂದಕ್ಕೆ ಸವೆದ ಹಾಗೆ ಅದರ ಎತ್ತರವೂ ತಗ್ಗುತ್ತ ಬರುತ್ತದೆ, ಹಾಗಾಗಿ ಕೆಲವು ಸಾಣೆಗೊಮ್ಮೆ ನೋಡಬೇಕು. ನೋಡುವುದು ಕಣ್ಣಲ್ಲಲ್ಲ, ಗೇಜ್ ಪಟ್ಟಿಯಲ್ಲಿ. ಚಪ್ಪಟೆ ತಗಡಿನ ಪಟ್ಟಿ ಅದು, ಚೈನಿನ ಮೇಲಿಟ್ಟರೆ ಸಂದಿಯಿಂದ ರೇಕರ್ ಎಷ್ಟು ಮೇಲೆದ್ದಿದೆಯೋ ಅಷ್ಟನ್ನೇ ಚಪ್ಪಟೆ ಅರದಲ್ಲಿ ತೆಗೆಯುವುದು, ಆಮೇಲೆ ಮುಂದಿನ ಮೂಲೆಯನ್ನು ದುಂಡಗೆ ಮಾಡುವುದು. ದುಂಡು ಅರ, ಚಪ್ಪಟೆ ಅರ, ಗೇಜ್ ಪಟ್ಟಿ ಎಲ್ಲ ಸೇರಿ ಒಂದು ಹೊಸ ಚೈನಿನಷ್ಟೂ ಖರ್ಚಿಲ್ಲ.

ಹಾಗಾದರೆ ಗ್ರೈಂಡರೇ ಬೇಡವೇ? ಹಾಗೇನಿಲ್ಲ. ಚೈನ್‌ಗೆಂದೇ ಮಾಡಿದ ಸಾಣೆ ಮೆಷಿನ್ ಬೇರೆ. ಅದರಲ್ಲಿ ಕೋನ ಕೂರಿಸಬಹುದು, ಹಲ್ಲು ಎಷ್ಟು ಸವೆಯಬೇಕೆಂದು ತಡೆ ಇಡಬಹುದು, ಕಲ್ಲಿಗೆ ಗಾರ್ಡ್ ಇರುತ್ತದೆ. ನೆರಳಿನ ಮರದೊಳಗೆ ಹಳೇ ಬೇಲಿ ತಂತಿಯೋ ಮೊಳೆಯೋ ಸಿಕ್ಕಿ ಹಲ್ಲಿನ ಮೂಲೆಗಳೇ ಹಾರಿಹೋದಾಗ ಅರದಲ್ಲಿ ಕೂತರೆ ಬೆಳಗಾಗುತ್ತದೆ, ಆಗ ಅದೇ ಸರಿ. ಆದರೆ ಅದರಲ್ಲೂ ತಟ್ಟಿ ತಟ್ಟಿ ಬಿಡಬೇಕು, ಒತ್ತಿ ಹಿಡಿದರೆ ಅಲ್ಲಿಯೂ ನೀಲಿಯೇ. ಆನ್‌ಲೈನ್‌ನಲ್ಲಿ ಬರುವ ಪೆನ್ನಿನಂಥ ಸಣ್ಣ ಕಲ್ಲುಗಳು ಕೆಲಸಕ್ಕೆ ಬರುತ್ತವೆ, ಆದರೆ ಅವು ಬೇಗ ಸವೆದು ತೆಳ್ಳಗಾಗುತ್ತವೆ. ತೆಳ್ಳಗಾದ ಕಲ್ಲು ತಪ್ಪು ಗಾತ್ರದ ಅರ ಇದ್ದ ಹಾಗೆಯೇ. ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರ್‌ಗೆ ಮಾತ್ರ ನನ್ನ ಕಡೆಯಿಂದ ಯಾವ ರಿಯಾಯಿತಿಯೂ ಇಲ್ಲ. ಅದರಲ್ಲಿ ಚೆನ್ನಾಗಿ ಮಾಡುವವರಿದ್ದಾರೆ ಎನ್ನುತ್ತಾರೆ, ಇರಲಿ. ನಮ್ಮ ಮನೆಯ ಚೈನ್ ಅವರಿಗೆ ಸಿಗುವುದಿಲ್ಲ.

ಈಗಾಗಲೇ ಯಾರ ಕೈಯಲ್ಲೋ ಗ್ರೈಂಡರ್ ಹಿಡಿಸಿದ್ದರೆ ಮೆಷಿನ್ ಸ್ಟಾರ್ಟ್ ಮಾಡುವ ಮುಂಚೆ ಚೈನ್ ಬಿಚ್ಚಿ ಬೆಳಕಿನಲ್ಲಿ ನೋಡಿ. ನೀಲಿ ಗುರುತು ಇದೆಯೇ, ರೇಕರ್ ಚಪ್ಪಟೆಯಾಗಿ ಮೂಲೆ ಹರಿತವಾಗಿದೆಯೇ, ಹಲ್ಲುಗಳ ಉದ್ದ ಒಂದೇ ಇದೆಯೇ ನೋಡಿ. ಮುಖ್ಯವಾಗಿ ಹಲ್ಲುಗಳನ್ನು ಜೋಡಿಸುವ ಪಟ್ಟಿಗೆ, ರಿವೆಟ್ಟಿಗೆ ಡಿಸ್ಕ್ ತಾಗಿ ಗಾಯ ಆಗಿದೆಯೇ ಹುಡುಕಿ. ಗಾಯವಾದ ಚೈನ್ ಓಡುವಾಗ ತುಂಡಾದರೆ ಚೂರು ಗುಂಡಿನ ಹಾಗೆ ಹಾರುತ್ತದೆ, ಬಾರಿನ ನೇರಕ್ಕೆ ನಿಂತವರಿಗೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ರೇಕರ್ ತಗ್ಗಿದ ಚೈನನ್ನು ‘ಹುಷಾರಾಗಿ ಹಿಡಿದರೆ ಆಯ್ತು’ ಎಂದು ಓಡಿಸಬೇಡಿ. ಹಲ್ಲನ್ನು ಅಷ್ಟು ಸವೆಸಿ ರೇಕರ್‌ಗೂ ಅದಕ್ಕೂ ಇರುವ ಅಂತರ ಸರಿಮಾಡಲು ಆದರೆ ಮಾಡಿ, ಇಲ್ಲವಾದರೆ ಗುಜರಿಗೆ ಹಾಕಿ. ಆಳುಗಳ ಕೈಗಂತೂ ಕೊಡಲೇಬೇಡಿ.

ಬೈಕಿನವನಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. “ಚೂಪು ಮಾಡ್ಕೊಡೋದು ನನ್ನ ಕೆಲಸ ಗೌಡ್ರೇ, ಮೆಷಿನ್ ಹಿಡಿಯೋದು ನಿಮ್ಮದು” ಅಂದ. ದುಡ್ಡು ವಾಪಸ್ ಕೇಳುವುದಕ್ಕೂ ಮನಸ್ಸಾಗಲಿಲ್ಲ. ಈಗ ಆಲೂರು, ಸಕಲೇಶಪುರದ ಕಡೆ ತಿರುಗುತ್ತಿದ್ದಾನೆಂದು ಸುದ್ದಿ. ನಿಮ್ಮ ಅಂಗಳಕ್ಕೆ ಬಂದರೆ ಜಗಳ ಆಡಬೇಡಿ, ರೇಕರ್ ಗೇಜ್ ಪಟ್ಟಿ ತೋರಿಸಪ್ಪ ಎಂದು ಕೇಳಿ. ಪೆಟ್ಟಿಗೆಯಲ್ಲಿ ಅದು ಇಲ್ಲದಿದ್ದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ.