ಸಕ್ಸಿನೈಲ್‌ಕೋಲಿನ್, ರೊಕುರೋನಿಯಂ: ತುರ್ತಿನಲ್ಲಿ ಯಾವುದು?

ಉಸಿರುನಾಳಕ್ಕೆ ತುರ್ತಾಗಿ ಟ್ಯೂಬ್ ಹಾಕಬೇಕಾದಾಗ ಸ್ನಾಯು ಸಡಿಲಿಸಲು ಇವೆರಡರಲ್ಲಿ ಒಂದನ್ನು ಆರಿಸಬೇಕು. ಎರಡೂ ಪ್ರಜ್ಞೆ ತಪ್ಪಿಸುವುದಿಲ್ಲ, ನಿದ್ರೆಯ ಔಷಧಿ ಬೇರೆ ಕೊಡಲೇಬೇಕು.

ಸಕ್ಸಿನೈಲ್‌ಕೋಲಿನ್ ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ನಂತೆ ಗ್ರಾಹಕಕ್ಕೆ (ಸ್ನಾಯುವಿನ ಮೇಲೆ ಆ ಸಂದೇಶ ಹಿಡಿಯುವ ಜಾಗಕ್ಕೆ) ಅಂಟಿ ಸ್ನಾಯುವನ್ನು ಮೊದಲು ಅದುರಿಸುತ್ತದೆ. ರೆಪ್ಪೆ, ಕೆನ್ನೆ ಪಟಪಟ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ನಾಯು ಸೋಲುತ್ತದೆ. ನಿಮಿಷದೊಳಗೆ ಕೆಲಸ, ಸುಮಾರು 10 ನಿಮಿಷಕ್ಕೆ ಇಳಿತ. ರೊಕುರೋನಿಯಂ ಗ್ರಾಹಕದ ಜಾಗ ಹಿಡಿದು ಕೂರುತ್ತದೆ, ಅಷ್ಟೆ. ಕೆಜಿಗೆ 1.2 ಮಿ.ಗ್ರಾಂ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ವೇಗ, ಆದರೆ ಒಂದು ಗಂಟೆಯಾದರೂ ಬಿಡುವುದಿಲ್ಲ.

ಹಾಸನ, ಚಿಕ್ಕಮಗಳೂರಿನಂಥ ಕೃಷಿ ಸೀಮೆಯಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ ಏರಿದವರನ್ನು ಮರೆಯಬಾರದು. ಸಕ್ಸಿನೈಲ್‌ಕೋಲಿನ್ ಒಡೆಯುವ ಕಿಣ್ವವನ್ನೇ ಆ ವಿಷ ಕಟ್ಟಿಹಾಕುತ್ತದೆ; 10 ನಿಮಿಷದ್ದು ಗಂಟೆಗಟ್ಟಲೆ ಎಳೆಯುತ್ತದೆ. ಅಲ್ಲಿ ನನ್ನ ಆಯ್ಕೆ ರೊಕುರೋನಿಯಂ. ಕೆಲವು ದಿನ ಹಳೆಯದಾದ ದೊಡ್ಡ ಸುಟ್ಟಗಾಯಕ್ಕೂ ಅದೇ. ಅಂಥವರಲ್ಲಿ ಸಕ್ಸಿನೈಲ್‌ಕೋಲಿನ್‌ನಿಂದ ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.